ಮತ್ತೆ ಮತ್ತೆ ಕಡಿಯುವ ವೈಫೈ: ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ

ಮಗಳು ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತು ಪಾಠ ಕೇಳುತ್ತಿದ್ದಾಳೆ ಎಂದುಕೊಳ್ಳಿ. ಹತ್ತು ನಿಮಿಷ ಎಲ್ಲವೂ ಸರಿಯಾಗಿರುತ್ತದೆ. ಆಮೇಲೆ ಪರದೆಯ ಮೇಲಿನ ಅಧ್ಯಾಪಕಿಯ ಮುಖ ಅರ್ಧ ಮಾತಿನಲ್ಲೇ ನಿಂತುಬಿಡುತ್ತದೆ. ‘ಉಮ್ಮಾ, ನೆಟ್ ಹೋಯ್ತು’ ಎಂಬ ಕೂಗು ಕೇಳುತ್ತಲೇ ನೀವು ಕೈಯಲ್ಲಿದ್ದ ಸೌಟನ್ನು ಬದಿಗಿಟ್ಟು ಚಾವಡಿಗೆ ಬಂದು ರೂಟರಿನ ಸ್ವಿಚ್ಚನ್ನು ಆರಿಸಿ ಮತ್ತೆ ಹಾಕುತ್ತೀರಿ. ಎರಡು ನಿಮಿಷದಲ್ಲಿ ನೆಟ್ ಬರುತ್ತದೆ. ಅರ್ಧ ಗಂಟೆಯೊಳಗೆ ಮತ್ತೆ ಅದೇ ಕೂಗು!

2020ರಲ್ಲಿ ಕೊರೋನಾದಿಂದಾಗಿ ಶಾಲೆಗಳು ಮುಚ್ಚಿದಾಗ ಎಷ್ಟೋ ಮನೆಗಳಿಗೆ ಮೊದಲ ಬಾರಿ ಬಂದ ಈ ಪುಟ್ಟ ಡಬ್ಬಿ ಆಮೇಲೆ ವಾಪಸು ಹೋಗಲಿಲ್ಲ. ಶಾಲೆಗಳು ತೆರೆದರೂ ಅದರ ಕೆಲಸ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ವಿದ್ಯಾರ್ಥಿವೇತನದ ಅರ್ಜಿ, ಸಿಇಟಿಯ ಬಳಿಕ ಕಾಲೇಜು ಆಯ್ಕೆ, ಹಜ್ ಅರ್ಜಿ, ಗಲ್ಫ್‌ನಲ್ಲಿರುವ ಪತಿಯೊಂದಿಗಿನ ಮಾತುಕತೆ ಎಲ್ಲವೂ ಈಗ ಅದರ ಮೂಲಕವೇ. ಮನೆಯಲ್ಲೇ ಕುಳಿತು ಕಂಪೆನಿಯ ಕೆಲಸ ಮಾಡುವ, ಇಲ್ಲವೇ ಮಕ್ಕಳಿಗೆ ಕುರ್‌ಆನ್ ಕಲಿಸುವ ಸಹೋದರಿಯರಿಗಂತೂ ಅದು ಸಂಪಾದನೆಯ ದಾರಿಯೇ ಆಗಿದೆ. ಅರ್ಜಿಯ ಕೊನೆಯ ದಿನ, ದಾಖಲೆಗಳನ್ನೆಲ್ಲ ಏರಿಸಿ ಮುಗಿಸುವ ಹೊತ್ತಿಗೆ ನೆಟ್ ಕಡಿದರೆ ಪುಟ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಹುಡುಗಿಯೊಬ್ಬಳ ಒಂದು ವರ್ಷದ ಓದು ಇಂತಹ ಒಂದು ಸಂಜೆಯಲ್ಲಿ ಕೈತಪ್ಪಿ ಹೋಗಬಹುದು.

ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ ಎರಡೇ. ‘ಲ್ಯಾಪ್‌ಟಾಪ್ ಹಳತಾಯಿತು, ಹೊಸದು ತೆಗೊಳ್ಳಿ’ ಎಂಬುದು ಒಂದು. ‘ನೀನು ಏನೂ ಮುಟ್ಟಬೇಡ, ಅವರು ರಜೆಯಲ್ಲಿ ಬಂದಾಗ ನೋಡಿಕೊಳ್ಳಲಿ’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮೂವತ್ತು ನಲ್ವತ್ತು ಸಾವಿರ ರೂಪಾಯಿ ಬೇಕು. ಎರಡನೆಯದಕ್ಕೆ ಒಂದೆರಡು ವರ್ಷವೇ ಬೇಕಾದೀತು. ಎರಡನ್ನೂ ಒಪ್ಪುವ ಮೊದಲು ನೀವೇ ಒಂದು ಸಂಜೆ ಕುಳಿತು ದೋಷ ಎಲ್ಲಿದೆಯೆಂದು ಹುಡುಕಿ ನೋಡಿ ಎನ್ನುವುದು ಈ ಬರಹದ ಕೋರಿಕೆ. ಇದಕ್ಕೆ ಕಂಪ್ಯೂಟರ್ ಡಿಪ್ಲೊಮಾ ಬೇಕಿಲ್ಲ. ಸ್ಕ್ರೂಡ್ರೈವರ್ ಕೂಡ ಬೇಕಿಲ್ಲ. ಅಡುಗೆಮನೆಯಲ್ಲಿ ಸಾರು ಕೆಟ್ಟರೆ ಉಪ್ಪೋ ಹುಳಿಯೋ ಎಂದು ಪತ್ತೆಹಚ್ಚುವ ಬುದ್ಧಿ ಸಾಕು.

ನಳ್ಳಿಯಲ್ಲಿ ನೀರು ಬಾರದಿದ್ದರೆ

ಬಚ್ಚಲಿನ ನಳ್ಳಿಯಲ್ಲಿ ನೀರು ನಿಂತರೆ ನೀವು ಮೊದಲು ಏನು ಮಾಡುತ್ತೀರಿ? ಅಡುಗೆಮನೆಯ ನಳ್ಳಿ ತಿರುಗಿಸಿ ನೋಡುತ್ತೀರಿ. ಅಲ್ಲಿಯೂ ಬಾರದಿದ್ದರೆ ಟ್ಯಾಂಕಿ ನೋಡುತ್ತೀರಿ. ಟ್ಯಾಂಕಿಯೂ ಖಾಲಿಯಿದ್ದರೆ ಪಂಚಾಯತ್ ನೀರು ಬಂದಿಲ್ಲವೆಂದು ತಿಳಿಯುತ್ತೀರಿ. ಯಾರೂ ಮೊದಲಿಗೇ ನಳ್ಳಿ ಕಿತ್ತು ಹೊಸದು ಹಾಕುವುದಿಲ್ಲ. ಇಂಟರ್‌ನೆಟ್ ಕೂಡ ಹಾಗೆಯೇ. ಕಂಪೆನಿಯ ತಂತಿ ಮನೆಯವರೆಗೆ ತರುತ್ತದೆ, ರೂಟರ್ ಅದನ್ನು ಗಾಳಿಯಲ್ಲಿ ಹರಡುತ್ತದೆ, ಲ್ಯಾಪ್‌ಟಾಪ್ ಅದನ್ನು ಹಿಡಿದುಕೊಳ್ಳುತ್ತದೆ. ತಂತಿ, ರೂಟರ್, ನಡುವಿನ ಗಾಳಿ, ಲ್ಯಾಪ್‌ಟಾಪ್ ಈ ನಾಲ್ಕರಲ್ಲಿ ಒಂದು ಕಡೆ ತಪ್ಪಿದೆ. ಯಾವುದೆಂದು ತಿಳಿಯದೆ ಕೈಹಾಕುವುದರಿಂದಲೇ ಹಣ ವ್ಯರ್ಥವಾಗುವುದು. ಇಸ್ಲಾಮ್ ದುಂದುವೆಚ್ಚವನ್ನು ವಿರೋಧಿಸುತ್ತದೆಂದು ಮದುವೆಯ ಊಟದ ಬಗ್ಗೆ ಎಷ್ಟೋ ಪ್ರವಚನ ಕೇಳಿದ್ದೇವೆ. ಸರಿಯಿರುವ ಲ್ಯಾಪ್‌ಟಾಪನ್ನು ಮೂಲೆಗೆ ಸರಿಸಿ ಹೊಸದು ತರುವುದೂ ಅದೇ ಲೆಕ್ಕಕ್ಕೆ ಸೇರುತ್ತದೆಯಲ್ಲವೇ?

ಹಾಗಾದರೆ ಎರಡನೇ ನಳ್ಳಿ ಯಾವುದು? ನಿಮ್ಮ ಮೊಬೈಲ್. ಲ್ಯಾಪ್‌ಟಾಪಿನಲ್ಲಿ ನೆಟ್ ಕಡಿದ ಕೂಡಲೇ, ರೂಟರಿನ ಸ್ವಿಚ್ಚು ಮುಟ್ಟದೆ, ಅದೇ ವೈಫೈಗೆ ಜೋಡಿಸಿದ ಮೊಬೈಲಿನಲ್ಲಿ ಏನಾದರೊಂದು ಹೊಸ ಪುಟ ತೆರೆದು ನೋಡಿ. ಇಲ್ಲಿ ಒಂದು ವಿಷಯವನ್ನು ಮರೆಯಬಾರದು. ವೈಫೈ ಕೆಲಸ ಮಾಡದಿದ್ದರೆ ಮೊಬೈಲ್ ನಮಗೆ ಹೇಳದೆಯೇ ತನ್ನ ಸಿಮ್‌ನ ನೆಟ್‌ಗೆ ಬದಲಾಗಿ ಬಿಡುತ್ತದೆ. ‘ಮೊಬೈಲ್‌ನಲ್ಲಿ ಚೆನ್ನಾಗಿಯೇ ಬರುತ್ತದಲ್ಲ, ಹಾಗಾದರೆ ಲ್ಯಾಪ್‌ಟಾಪಿನದ್ದೇ ತಪ್ಪು’ ಎಂದು ಅನೇಕರು ತಪ್ಪಾಗಿ ತೀರ್ಮಾನಿಸುವುದು ಇಲ್ಲಿಯೇ. ಆದ್ದರಿಂದ ಪರೀಕ್ಷೆಗೆ ಮೊದಲು ಮೊಬೈಲಿನ ‘ಮೊಬೈಲ್ ಡೇಟಾ’ ಆರಿಸಿಡಿ.

ಮೊಬೈಲಿನಲ್ಲಿಯೂ ನೆಟ್ ಇಲ್ಲವೆಂದಾದರೆ ಲ್ಯಾಪ್‌ಟಾಪ್ ನಿರ್ದೋಷಿ. ತಪ್ಪು ರೂಟರಿನಲ್ಲಿ ಇಲ್ಲವೇ ಕಂಪೆನಿಯ ತಂತಿಯಲ್ಲಿ ಇದೆ. ಮೊಬೈಲಿನಲ್ಲಿ ಸರಿಯಿದ್ದು ಲ್ಯಾಪ್‌ಟಾಪಿನಲ್ಲಿ ಮಾತ್ರ ಕಡಿಯುತ್ತಿದ್ದರೆ ಇನ್ನೊಂದು ಪರೀಕ್ಷೆಯಿದೆ. ಈಗ ಮೊಬೈಲ್ ಡೇಟಾ ಹಾಕಿ, ‘ಹಾಟ್‌ಸ್ಪಾಟ್’ ತೆರೆದು, ಲ್ಯಾಪ್‌ಟಾಪನ್ನು ಅದಕ್ಕೆ ಜೋಡಿಸಿ ಒಂದು ಗಂಟೆ ಕೆಲಸ ಮಾಡಿ. ಮೊಬೈಲನ್ನು ಪಕ್ಕದಲ್ಲೇ ಇಟ್ಟಿದ್ದರೂ ಕಡಿಯಿತೇ? ಹಾಗಾದರೆ ತಪ್ಪು ಬಹುಮಟ್ಟಿಗೆ ಲ್ಯಾಪ್‌ಟಾಪಿನ ಒಳಗೇ ಇದೆ. ಕಡಿಯಲಿಲ್ಲವೇ? ಹಾಗಾದರೆ ಲ್ಯಾಪ್‌ಟಾಪಿಗೂ ನಿಮ್ಮ ರೂಟರಿಗೂ ಹೊಂದಿಕೆಯಾಗುತ್ತಿಲ್ಲ ಅಥವಾ ನಡುವೆ ಗೋಡೆ ಅಡ್ಡ ಬಂದಿದೆ. ಲ್ಯಾಪ್‌ಟಾಪನ್ನು ತಂದು ರೂಟರಿನ ಪಕ್ಕದಲ್ಲೇ ಇಟ್ಟು ನೋಡಿದರೆ ಅದೂ ಇತ್ಯರ್ಥವಾಗುತ್ತದೆ.

ಪರದೆಯ ಬಲಮೂಲೆಯಲ್ಲಿರುವ ವೈಫೈ ಚಿಹ್ನೆಯೂ ಸಾಕ್ಷಿ ಹೇಳುತ್ತದೆ. ನೆಟ್ ಹೋದಾಗ ಅಲ್ಲಿ ನಿಮ್ಮ ವೈಫೈಯ ಹೆಸರಿನ ಕೆಳಗೆ ‘ನೋ ಇಂಟರ್‌ನೆಟ್’ ಎಂದು ಬರೆದಿದ್ದರೆ ಲ್ಯಾಪ್‌ಟಾಪ್ ರೂಟರನ್ನು ಹಿಡಿದುಕೊಂಡೇ ಇದೆ, ಹೊರಗಿನಿಂದ ನೀರು ಬರುತ್ತಿಲ್ಲ ಎಂದು ಅರ್ಥ. ಸಂಪರ್ಕವೇ ಬಿಟ್ಟುಹೋಗಿ ವೈಫೈಗಳ ಪಟ್ಟಿಯಿಂದ ನಿಮ್ಮ ಹೆಸರೇ ಮಾಯವಾಗುತ್ತಿದ್ದರೆ ಹಿಡಿತ ತಪ್ಪುತ್ತಿದೆ ಎಂದು ತಿಳಿಯಿರಿ.

ನಮಾಝ್‌ನ ಹೊತ್ತಿನ ಲೆಕ್ಕ

ಇನ್ನೊಂದು ಸುಲಭದ ಉಪಾಯ, ಕಡಿದ ಸಮಯವನ್ನು ಬರೆದಿಡುವುದು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಬರೆಯಬಹುದು. ಗಡಿಯಾರದ ಗಂಟೆ ನೋಡುವಷ್ಟು ಪುರುಸೊತ್ತಿಲ್ಲವಾದರೆ ನಮಾಝ್‌ನ ಹೊತ್ತು ಗುರುತಿಟ್ಟರೂ ಸಾಕು. ಫಜ್ರ್ ನಂತರ ಹೇಗಿತ್ತು, ಝುಹ್ರ್‌ಗೆ ಹೇಗಿತ್ತು, ಮಗ್ರಿಬ್ ಕಳೆದ ಮೇಲೆ ಏನಾಯಿತು ಎಂದು ಒಂದು ವಾರ ಗುರುತು ಮಾಡಿ. ಜೊತೆಗೆ ಆಗ ಮನೆಯಲ್ಲಿ ಏನು ನಡೆಯುತ್ತಿತ್ತು ಎಂಬುದನ್ನೂ ಒಂದು ಪದದಲ್ಲಿ ಬರೆಯಿರಿ.

ಈ ಲೆಕ್ಕದಿಂದ ಹೊರಬರುವ ಸತ್ಯ ಕೆಲವೊಮ್ಮೆ ನಗು ತರಿಸುತ್ತದೆ. ರಮಝಾನ್‌ನಲ್ಲಿ ದಿನವೂ ಇಫ್ತಾರ್‌ಗೆ ಸ್ವಲ್ಪ ಮೊದಲು ಮಾತ್ರ ನೆಟ್ ಕಡಿಯುತ್ತಿದ್ದರೆ, ಅಡುಗೆಮನೆಯಲ್ಲಿ ಆಗ ಮೈಕ್ರೋವೇವ್ ಒಲೆಯಲ್ಲಿ ಸಮೋಸ ಬಿಸಿಯಾಗುತ್ತಿದೆಯೇ ಎಂದು ನೋಡಿ. ಇದು ತಮಾಷೆಯ ಮಾತಲ್ಲ. ಮೈಕ್ರೋವೇವ್ ಒಲೆ ಕೆಲಸ ಮಾಡುವುದು ಸುಮಾರು 2.45 ಗಿಗಾಹರ್ಟ್ಸ್ ಅಲೆಗಳಿಂದ. ಹೆಚ್ಚಿನ ಮನೆಗಳ ವೈಫೈ ಬಳಸುವುದೂ 2.4 ಗಿಗಾಹರ್ಟ್ಸ್ ಪಟ್ಟಿಯನ್ನೇ. ಒಲೆಯಿಂದ ಸೋರುವ ಅಲೆ ತೀರಾ ಕಡಿಮೆ, ಮನುಷ್ಯರಿಗೆ ಅದರಿಂದ ತೊಂದರೆಯಿಲ್ಲ. ಆದರೆ ವೈಫೈಯ ಪಿಸುಮಾತನ್ನು ಕೆಡಿಸಲು ಅಷ್ಟೇ ಸಾಕು. ಬ್ಲೂಟೂತ್ ಇಯರ್‌ಫೋನ್, ತಂತಿಯಿಲ್ಲದ ಮೌಸ್ ಕೂಡ ಇದೇ ಪಟ್ಟಿಯಲ್ಲಿ ಓಡಾಡುತ್ತವೆ. ಅಮೆರಿಕದಲ್ಲಿ 1985ರಲ್ಲಿ ಈ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಸಂಪರ್ಕಕ್ಕೆ ಬಳಸಲು ಬಿಟ್ಟುಕೊಟ್ಟದ್ದರಿಂದಲೇ ವೈಫೈ ಹುಟ್ಟಲು ಸಾಧ್ಯವಾಯಿತು. ಯಾರಿಗೂ ಬಾಡಿಗೆಯಿಲ್ಲದ ಬಯಲಿನಲ್ಲಿ ಎಲ್ಲರೂ ಅಂಗಡಿ ಹಾಕಿದಂತಾಗಿದೆ ಈಗ.

ದಿನವಿಡೀ ಸರಿಯಿದ್ದು ಮಗ್ರಿಬ್‌ನಿಂದ ರಾತ್ರಿ ಹನ್ನೊಂದರವರೆಗೆ ಮಾತ್ರ ಕೆಡುತ್ತಿದ್ದರೆ ಕಾರಣ ಬೇರೆ. ಆಗ ಊರಿನವರೆಲ್ಲ ಮನೆ ಸೇರಿರುತ್ತಾರೆ. ಒಂದೋ ಕಂಪೆನಿಯ ತಂತಿಯಲ್ಲಿ ನೂಕುನುಗ್ಗಲು, ಇಲ್ಲವೇ ಫ್ಲ್ಯಾಟಿನ ನಾಲ್ಕೂ ಬದಿಯ ವೈಫೈಗಳು ಒಂದರ ಮೇಲೊಂದು ಬಿದ್ದಿವೆ. ಕರೆಂಟು ಹೋಗಿ ಬಂದಾಗಲೆಲ್ಲ ಕಡಿಯುತ್ತಿದ್ದರೆ ರೂಟರಿಗೆ ಇನ್ವರ್ಟರಿನ ಸಂಪರ್ಕವಿದೆಯೇ ನೋಡಿ. ಲ್ಯಾಪ್‌ಟಾಪ್ ಬ್ಯಾಟರಿಯಿಂದ ನಡೆಯುವಾಗ ಮಾತ್ರ ಕಡಿದು ಚಾರ್ಜರ್ ಸಿಕ್ಕಿಸಿದೊಡನೆ ಸರಿಯಾದರೆ, ಅಥವಾ ಮುಚ್ಚಿಟ್ಟು ತೆರೆದ ಮೇಲೆ ಮಾತ್ರ ಕಡಿದರೆ, ಅದು ಲ್ಯಾಪ್‌ಟಾಪಿನ ಉಳಿತಾಯ ಬುದ್ಧಿ. ಅದರ ಮದ್ದನ್ನು ಮುಂದೆ ಹೇಳಿದೆ.

ಅಂದಹಾಗೆ, ಗಲ್ಫ್‌ನಿಂದ ಬರುವ ಕರೆಗಳನ್ನು ಮಾತ್ರ ನೋಡಿ ನಿಮ್ಮ ವೈಫೈಯನ್ನು ದೂರಬೇಡಿ. ಯುಎಇಯಲ್ಲಿ ಇಂಟರ್‌ನೆಟ್ ಕರೆಗಳಿಗೆ ಅಲ್ಲಿನ ದೂರಸಂಪರ್ಕ ನಿಯಮಗಳ ನಿರ್ಬಂಧವಿದೆ. ಅನುಮತಿ ಪಡೆದ ಆ್ಯಪ್‌ಗಳಲ್ಲಿ ಮಾತ್ರ ಕರೆ ಸರಿಯಾಗಿ ನಡೆಯುತ್ತದೆ. ಅಲ್ಲಿಂದ ವಾಟ್ಸ್‌ಆ್ಯಪ್ ಕರೆ ನಿಲ್ಲದಿದ್ದರೆ ಇಲ್ಲಿ ನೀವು ಎಷ್ಟು ಸಲ ರೂಟರ್ ಆರಿಸಿ ಹಾಕಿದರೂ ಫಲವಿಲ್ಲ.

ಗೋಡೆ, ಕಪಾಟು, ಕನ್ನಡಿ

ನಮ್ಮ ಕರಾವಳಿಯ ಕೆಂಪುಕಲ್ಲಿನ ಮನೆಗಳು ಬೇಸಗೆಯಲ್ಲಿ ತಂಪು. ಆದರೆ ಆ ದಪ್ಪ ಗೋಡೆ ವೈಫೈಗೆ ದೊಡ್ಡ ಅಡ್ಡಿ. ಕಬ್ಬಿಣದ ಸರಳಿರುವ ಕಾಂಕ್ರೀಟಿನ ಮಾಳಿಗೆ ಇನ್ನೂ ಕಠಿಣ. ರೂಟರ್ ಹಾಕಲು ಬಂದವರು ತಮಗೆ ತಂತಿ ಎಳೆಯಲು ಎಲ್ಲಿ ಸುಲಭವೋ ಅಲ್ಲಿ, ಅಂದರೆ ಎದುರು ಬಾಗಿಲಿನ ಮೂಲೆಯಲ್ಲಿ ಅದನ್ನು ಸಿಕ್ಕಿಸಿ ಹೋಗಿರುತ್ತಾರೆ. ಮಗಳು ಓದುವುದು ಹಿಂದಿನ ಮಹಡಿಯಲ್ಲಿ. ನಡುವೆ ಮೂರು ಗೋಡೆ, ಒಂದು ಮಾಳಿಗೆ. ಇಷ್ಟಾಗಿಯೂ ಚಂದ ಕಾಣುವುದಿಲ್ಲವೆಂದು ನಾವು ರೂಟರನ್ನು ಟಿವಿಯ ಹಿಂದೆಯೋ ಶೋಕೇಸಿನ ಒಳಗೋ ಬಚ್ಚಿಡುತ್ತೇವೆ, ಮೇಲೊಂದು ಕಸೂತಿಯ ಬಟ್ಟೆ ಹೊದೆಸುತ್ತೇವೆ! ಬಟ್ಟೆಯಿಂದ ಸಿಗ್ನಲ್‌ಗೆ ತೊಂದರೆಯಿಲ್ಲ, ಆದರೆ ರೂಟರಿಗೆ ಸೆಕೆಯಾಗುತ್ತದೆ. ಬಿಸಿಯೇರಿದ ರೂಟರ್ ತಾನಾಗಿಯೇ ನಿಂತು ಮತ್ತೆ ಶುರುವಾಗುವುದುಂಟು.

ಉಕ್ಕಿನ ಕಪಾಟು, ಫ್ರಿಜ್, ದೊಡ್ಡ ಕನ್ನಡಿ, ನೀರಿನ ಟ್ಯಾಂಕಿ, ಮೀನಿನ ಗಾಜಿನ ಪೆಟ್ಟಿಗೆ ಇವೆಲ್ಲ ಸಿಗ್ನಲನ್ನು ತಡೆಯುವ ವಸ್ತುಗಳು. ಲೋಹ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ, ನೀರು ಕುಡಿದುಬಿಡುತ್ತದೆ. ರೂಟರನ್ನು ಮನೆಯ ನಡುಭಾಗದಲ್ಲಿ, ಎದೆಯೆತ್ತರದಲ್ಲಿ ಅಥವಾ ಅದಕ್ಕಿಂತ ಮೇಲೆ, ಬಯಲಾಗಿ ಇಡಿ. ತಂತಿ ಗಿಡ್ಡವಾಗಿದ್ದರೆ ಕಂಪೆನಿಯವರಿಗೆ ಹೇಳಿ ಉದ್ದ ಮಾಡಿಸಬಹುದು. ಅದಾಗದಿದ್ದರೆ ಓದುವ ಮೇಜನ್ನೇ ಸರಿಸಿ. ಹೆಣ್ಣುಮಕ್ಕಳ ಓದಿನ ಮೇಜು ಮನೆಯ ಹಿಂದಿನ ಮೂಲೆಯಲ್ಲೇ ಇರಬೇಕೆಂದೇನಿಲ್ಲವಲ್ಲ! ಎಷ್ಟೋ ಮನೆಗಳಲ್ಲಿ ಆ ಮೇಜು ಒಂದು ಬಾಗಿಲಿನಷ್ಟು ಮುಂದೆ ಬಂದರೆ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಲ್ಯಾಪ್‌ಟಾಪಿಗೆ ಹೊರಗಿನ ಹಾರ್ಡ್‌ಡಿಸ್ಕ್ ಅಥವಾ ನೀಲಿ ಬಣ್ಣದ ಯುಎಸ್‌ಬಿ ತೂತಿಗೆ ಪೆನ್‌ಡ್ರೈವ್ ಸಿಕ್ಕಿಸಿದಾಗ ಮಾತ್ರ ನೆಟ್ ಕುಂಟುತ್ತದೆಯೇ ಎಂದೂ ಗಮನಿಸಿ. ಈ ವೇಗದ ಯುಎಸ್‌ಬಿ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತದೆಂದು ಇಂಟೆಲ್ ಕಂಪೆನಿಯೇ 2012ರಲ್ಲಿ ವರದಿ ಪ್ರಕಟಿಸಿತ್ತು. ಮದುವೆಯ ವೀಡಿಯೋ ನಕಲು ಮಾಡುವಾಗಲೇ ಕ್ಲಾಸಿನ ನೆಟ್ ಹೋಗುವುದರ ಗುಟ್ಟು ಇದಿರಬಹುದು.

ಎರಡು ಹೆಸರಿನ ಒಂದು ರೂಟರ್

ಈಗಿನ ಹೆಚ್ಚಿನ ರೂಟರ್‌ಗಳು ಎರಡು ಪಟ್ಟಿಗಳಲ್ಲಿ ಮಾತಾಡುತ್ತವೆ. 2.4 ಗಿಗಾಹರ್ಟ್ಸ್ ನಿಧಾನ, ಆದರೆ ಗೋಡೆ ದಾಟಿ ದೂರ ಹೋಗುತ್ತದೆ. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಗದ್ದಲ ಕಡಿಮೆ, ಮೈಕ್ರೋವೇವಿನ ಕಾಟವಿಲ್ಲ. ಆದರೆ ಗೋಡೆಯ ಮುಂದೆ ಬೇಗ ಸೋಲುತ್ತದೆ. ಎರಡಕ್ಕೂ ಒಂದೇ ಹೆಸರಿದ್ದರೆ ಲ್ಯಾಪ್‌ಟಾಪ್ ಒಮ್ಮೆ ಅದನ್ನು, ಒಮ್ಮೆ ಇದನ್ನು ಹಿಡಿಯುತ್ತಾ ನಡುವೆ ಕೈಬಿಡುವುದುಂಟು. ರೂಟರಿಗೆ ತೀರಾ ದೂರವೂ ಅಲ್ಲದ, ಹತ್ತಿರವೂ ಅಲ್ಲದ ಕೋಣೆಗಳಲ್ಲಿ ಈ ಕಾಯಿಲೆ ಹೆಚ್ಚು.

ಇದನ್ನು ಬಿಡಿಸುವುದು ಕಷ್ಟವಲ್ಲ. ರೂಟರಿನ ಅಡಿಯಲ್ಲಿ ಅಂಟಿಸಿರುವ ಚೀಟಿಯಲ್ಲಿ 192.168.1.1 ಎಂಬಂತಹ ಒಂದು ಸಂಖ್ಯೆ, ಜೊತೆಗೆ ಹೆಸರು, ಪಾಸ್‌ವರ್ಡ್ ಇರುತ್ತವೆ. ಲ್ಯಾಪ್‌ಟಾಪ್ ಅಥವಾ ಮೊಬೈಲಿನ ಬ್ರೌಸರಿನಲ್ಲಿ ಆ ಸಂಖ್ಯೆಯನ್ನು ಹೊಡೆದರೆ ರೂಟರಿನ ಪುಟ ತೆರೆಯುತ್ತದೆ. ಮೊದಲು ಆ ಪುಟದ ಈಗಿನ ಸೆಟ್ಟಿಂಗುಗಳ ಫೋಟೋ ತೆಗೆದಿಟ್ಟುಕೊಳ್ಳಿ, ಕೈತಪ್ಪಿದರೆ ಹಿಂದಿನಂತೆಯೇ ಮಾಡಬಹುದು. ‘ವೈರ್‌ಲೆಸ್’ ಅಥವಾ ‘ವ್ಲಾನ್’ ಎಂಬಲ್ಲಿ ಎರಡು ಪಟ್ಟಿಗಳಿಗೆ ಬೇರೆ ಬೇರೆ ಹೆಸರು ಕೊಡಿ. ಮಹಡಿಯ ಕೋಣೆಯ ಲ್ಯಾಪ್‌ಟಾಪಿಗೆ 2.4ನ್ನು, ಹತ್ತಿರದ ಟಿವಿಗೆ 5ನ್ನು ಜೋಡಿಸಿ. ಹಳೆಯ ಕೆಲವು ಲ್ಯಾಪ್‌ಟಾಪ್‌ಗಳಿಗೆ 5 ಕಾಣುವುದೇ ಇಲ್ಲ, ಅದು ದೋಷವಲ್ಲ.

ಅದೇ ಪುಟದಲ್ಲಿ ‘ಚಾನೆಲ್’ ಎಂಬ ಸಾಲೂ ಇರುತ್ತದೆ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11. ಫ್ಲ್ಯಾಟಿನಲ್ಲಿರುವವರು ‘ಆಟೋ’ ತೆಗೆದು ಈ ಮೂರರಲ್ಲಿ ಒಂದೊಂದನ್ನೂ ಎರಡೆರಡು ದಿನ ಹಾಕಿ ನೋಡಿ. ಪಕ್ಕದ ಮನೆಯವರಿಗೂ ಹೇಳಿ ಅವರು ಬೇರೆಯದ್ದನ್ನು ಆರಿಸಿದರೆ ಇಬ್ಬರಿಗೂ ನೆಮ್ಮದಿ. ನೆರೆಯವರ ಹಕ್ಕಿನಲ್ಲಿ ಇದೂ ಒಂದು ಎಂದುಕೊಳ್ಳೋಣ. ಅಮೆರಿಕದಿಂದ ಯಾರಾದರೂ ತಂದುಕೊಟ್ಟ ಲ್ಯಾಪ್‌ಟಾಪ್ ನಿಮ್ಮದಾಗಿದ್ದರೆ ಇದು ವಿಶೇಷವಾಗಿ ಅಗತ್ಯ. ಅಂತಹ ಕೆಲವು ಯಂತ್ರಗಳು 12 ಮತ್ತು 13ನೇ ಚಾನೆಲನ್ನು ನೋಡುವುದಿಲ್ಲ. ಆಟೋದಲ್ಲಿರುವ ರೂಟರ್ ಒಂದು ದಿನ ಅಲ್ಲಿಗೆ ಹೋಗಿ ಕುಳಿತರೆ ಮನೆಯ ಮೊಬೈಲುಗಳಿಗೆಲ್ಲ ವೈಫೈ ಕಾಣುತ್ತದೆ, ಲ್ಯಾಪ್‌ಟಾಪಿಗೆ ಮಾತ್ರ ಮಾಯ!

ಪಾಸ್‌ವರ್ಡ್ ಯಾರ ಯಾರ ಕೈಗೆ ಹೋಗಿದೆಯೆಂದೂ ಈ ಪುಟದಲ್ಲೇ ನೋಡಬಹುದು. ಜೋಡಿಸಿಕೊಂಡ ಯಂತ್ರಗಳ ಪಟ್ಟಿಯಲ್ಲಿ ನಿಮ್ಮ ಮನೆಯಲ್ಲಿರುವುದಕ್ಕಿಂತ ಹೆಚ್ಚು ಮೊಬೈಲುಗಳಿದ್ದರೆ ಪಾಸ್‌ವರ್ಡ್ ಬದಲಿಸಿ. ಇನ್ನೊಬ್ಬರ ವೈಫೈಯನ್ನು ಕೇಳದೆ ಬಳಸುವುದು ಸಲ್ಲದೆಂದು ಮಕ್ಕಳಿಗೂ ಹೇಳಿಕೊಡಬೇಕಾದ ಕಾಲ ಇದು.

ಲ್ಯಾಪ್‌ಟಾಪಿನ ಒಳಗೆ

ತಪ್ಪು ಲ್ಯಾಪ್‌ಟಾಪಿನಲ್ಲೇ ಇದೆಯೆಂದು ಪರೀಕ್ಷೆಯಿಂದ ತಿಳಿದರೆ ಮೊದಲು ಉಳಿತಾಯದ ವಿಷಯ ನೋಡಿ. ಬ್ಯಾಟರಿ ಉಳಿಸಲೆಂದು ವಿಂಡೋಸ್ ವೈಫೈ ಚಿಪ್ಪನ್ನು ಆಗಾಗ ಮಲಗಿಸುತ್ತದೆ. ಕೆಲವು ಚಿಪ್ಪುಗಳು ಮಲಗಿದ ಮೇಲೆ ಸರಿಯಾಗಿ ಏಳುವುದಿಲ್ಲ. ಪರದೆಯ ಕೆಳಗಿನ ಸ್ಟಾರ್ಟ್ ಗುಂಡಿಯ ಮೇಲೆ ಬಲಬದಿಯ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ‘ನೆಟ್‌ವರ್ಕ್ ಅಡಾಪ್ಟರ್ಸ್’ ಎಂಬಲ್ಲಿ ವೈಫೈ ಅಥವಾ ವೈರ್‌ಲೆಸ್ ಎಂದಿರುವ ಹೆಸರನ್ನು ಎರಡು ಬಾರಿ ಒತ್ತಿ. ಅದರಲ್ಲಿ ‘ಪವರ್ ಮ್ಯಾನೇಜ್‌ಮೆಂಟ್’ ಎಂಬ ಪುಟವಿದ್ದರೆ, ‘ಅಲೋ ದಿ ಕಂಪ್ಯೂಟರ್ ಟು ಟರ್ನ್ ಆಫ್ ದಿಸ್ ಡಿವೈಸ್ ಟು ಸೇವ್ ಪವರ್’ ಎಂಬುದರ ಮುಂದಿನ ಗುರುತು ತೆಗೆದುಬಿಡಿ. ಹೊಸ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಪುಟ ಇರುವುದಿಲ್ಲ, ಗಾಬರಿಪಡಬೇಡಿ.

ಎರಡನೆಯದು ಡ್ರೈವರ್. ಚಿಪ್ಪಿಗೂ ವಿಂಡೋಸಿಗೂ ನಡುವಿನ ದುಭಾಷಿ ಅದು. ವಿಂಡೋಸ್ ಅಪ್‌ಡೇಟ್ ಆದ ದಿನದಿಂದಲೇ ತೊಂದರೆ ಶುರುವಾಗಿದ್ದರೆ ಹೊಸ ದುಭಾಷಿಗೆ ಭಾಷೆ ಸರಿಯಾಗಿ ಬರುತ್ತಿಲ್ಲ ಎಂದು ಅರ್ಥ. ಅದೇ ಡಿವೈಸ್ ಮ್ಯಾನೇಜರಿನ ‘ಡ್ರೈವರ್’ ಪುಟದಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿದರೆ ಹಳೆಯದು ಮರಳಿ ಬರುತ್ತದೆ. ಆ ಗುಂಡಿ ಮಂಕಾಗಿದ್ದರೆ ಹಿಂದಿನದು ಉಳಿದಿಲ್ಲವೆಂದು ತಿಳಿದು, ಲ್ಯಾಪ್‌ಟಾಪ್ ತಯಾರಿಸಿದ ಕಂಪೆನಿಯ ಸ್ವಂತ ತಾಣದಿಂದಲೇ ನಿಮ್ಮ ಮಾದರಿಯ ಡ್ರೈವರನ್ನು ಇಳಿಸಿಕೊಳ್ಳಿ. ಮಾದರಿಯ ಸಂಖ್ಯೆ ಯಂತ್ರದ ತಳದಲ್ಲಿರುತ್ತದೆ. ‘ಉಚಿತ ಡ್ರೈವರ್, ಒಂದೇ ಕ್ಲಿಕ್’ ಎಂದು ಮಿನುಗುವ ಜಾಹೀರಾತುಗಳ ಹತ್ತಿರವೂ ಹೋಗಬೇಡಿ. ಅವುಗಳಲ್ಲಿ ಎಷ್ಟೋ ವೈರಸ್ಸಿನ ಬಾಗಿಲುಗಳು.

ಇವೆರಡೂ ಫಲಿಸದಿದ್ದರೆ ‘ಸೆಟ್ಟಿಂಗ್ಸ್’ನ ‘ನೆಟ್‌ವರ್ಕ್ ಆ್ಯಂಡ್ ಇಂಟರ್‌ನೆಟ್’ನಲ್ಲಿ ‘ನೆಟ್‌ವರ್ಕ್ ರೀಸೆಟ್’ ಇದೆ. ವಿಂಡೋಸ್ 11ರಲ್ಲಿ ಅದು ‘ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್’ ಒಳಗೆ ಅಡಗಿದೆ. ಒತ್ತುವ ಮೊದಲು ವೈಫೈ ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ, ಉಳಿಸಿಟ್ಟ ಎಲ್ಲ ವೈಫೈಗಳನ್ನೂ ಅದು ಮರೆತುಬಿಡುತ್ತದೆ. ಕಚೇರಿಯ ವಿಪಿಎನ್ ಬಳಸುವವರು ಕಚೇರಿಯಲ್ಲಿ ಕೇಳಿಯೇ ಇದನ್ನು ಮಾಡಬೇಕು. ನಿಮ್ಮದು ಇನ್ನೂ ವಿಂಡೋಸ್ 10 ಆಗಿದ್ದರೆ ಅದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ ಎಂಬುದೂ ನೆನಪಿರಲಿ. ವೈಫೈ ಅದರಿಂದ ಕಡಿಯುವುದಿಲ್ಲ, ಆದರೆ ಬ್ಯಾಂಕಿನ ಕೆಲಸ ಮಾಡುವವರು ಯೋಚಿಸಬೇಕಾದ ವಿಷಯ.

ಕೆಲವೊಮ್ಮೆ ದೋಷ ನಿಜವಾಗಿಯೂ ಯಂತ್ರದ ಭಾಗದಲ್ಲೇ ಇರುತ್ತದೆ. ಲ್ಯಾಪ್‌ಟಾಪಿನ ವೈಫೈ ಆಂಟೆನಾ ಹೆಚ್ಚಾಗಿ ಪರದೆಯ ಚೌಕಟ್ಟಿನೊಳಗೆ ಇರುತ್ತದೆ. ಅಲ್ಲಿಂದ ಎರಡು ಸಣ್ಣ ತಂತಿಗಳು ಮಡಚುವ ಕೀಲಿನ ಮೂಲಕ ಕೆಳಗಿನ ಚಿಪ್ಪಿಗೆ ಬರುತ್ತವೆ. ಕೀಲು ಮುರಿದ ಮೇಲೆ, ಕೀಬೋರ್ಡ್ ಅಥವಾ ಬ್ಯಾಟರಿ ಬದಲಿಸಿದ ಮೇಲೆ ವೈಫೈ ದುರ್ಬಲವಾಗಿದ್ದರೆ ಆ ತಂತಿ ಸಡಿಲವಾಗಿರುವ ಸಾಧ್ಯತೆ ಇದೆ. ಪರದೆಯನ್ನು ಹಿಂದೆ ಮುಂದೆ ಬಾಗಿಸಿದಾಗ ಸಿಗ್ನಲ್ ಏರಿ ಇಳಿಯುತ್ತಿದ್ದರೆ ಸಂಶಯ ಇನ್ನೂ ಬಲವಾಗುತ್ತದೆ. ಆಗಲೂ ಹೊಸ ಲ್ಯಾಪ್‌ಟಾಪ್ ಬೇಕಿಲ್ಲ. ಪೆನ್‌ಡ್ರೈವಿನಂತಹ ಒಂದು ಯುಎಸ್‌ಬಿ ವೈಫೈ ಅಡಾಪ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಸಿಕ್ಕಿಸಿ ಒಳಗಿನ ವೈಫೈಯನ್ನು ಡಿವೈಸ್ ಮ್ಯಾನೇಜರಿನಲ್ಲಿ ‘ಡಿಸೇಬಲ್’ ಮಾಡಿದರೆ ಕೆಲಸ ನಡೆಯುತ್ತದೆ.

ಅಂಗಡಿಗೆ ಕೊಡುವ ಮುನ್ನ

ಇದನ್ನು ಒತ್ತಿ ಹೇಳಬೇಕೆನಿಸುತ್ತದೆ. ಲ್ಯಾಪ್‌ಟಾಪಿನಲ್ಲಿ ಮದುವೆಯ ಫೋಟೋಗಳಿವೆ, ಮನೆಯೊಳಗೆ ಪರ್ದಾ ಇಲ್ಲದೆ ತೆಗೆದ ಚಿತ್ರಗಳಿವೆ, ಆಧಾರ್ ಮತ್ತು ಪಾಸ್‌ಪೋರ್ಟಿನ ಪ್ರತಿಗಳಿವೆ. ವೈಫೈ ಸರಿಯಿಲ್ಲವೆಂದು ಅದನ್ನು ಪಾಸ್‌ವರ್ಡ್ ಸಮೇತ ಅಂಗಡಿಯಲ್ಲಿ ಎರಡು ದಿನ ಬಿಟ್ಟು ಬರುವುದು ಮನೆಯ ಬೀಗದ ಕೈ ಕೊಟ್ಟುಬಂದಂತೆ. ಹೆಚ್ಚಿನ ರಿಪೇರಿಯವರು ಒಳ್ಳೆಯವರೇ, ಆದರೆ ಅಲ್ಲಿಗೆ ಬರುವ ಹೋಗುವವರೆಲ್ಲರ ಹೊಣೆ ಹೊರುವವರು ಯಾರು? ಖಾಸಗಿ ಚಿತ್ರಗಳನ್ನು ಮೊದಲೇ ಹೊರಗಿನ ಡಿಸ್ಕಿಗೆ ವರ್ಗಾಯಿಸಿ ಲ್ಯಾಪ್‌ಟಾಪಿನಿಂದ ಅಳಿಸಿ. ಅಳಿಸಿದ್ದು ‘ರಿಸೈಕಲ್ ಬಿನ್’ನಲ್ಲಿ ಉಳಿದಿರುತ್ತದೆ, ಅದನ್ನೂ ಖಾಲಿ ಮಾಡಿ. ಹೀಗೆ ಅಳಿಸಿದ್ದನ್ನೂ ತಿಳಿದವರು ಮರಳಿ ಪಡೆಯಬಲ್ಲರು. ಆದ್ದರಿಂದ ನಿಮ್ಮ ಪಾಸ್‌ವರ್ಡ್ ಕೊಡಬೇಡಿ. ಸೆಟ್ಟಿಂಗ್ಸ್‌ನಲ್ಲಿ ರಿಪೇರಿಗೆಂದೇ ಬೇರೊಂದು ಖಾತೆ ತೆರೆದು ಅದನ್ನು ಕೊಡಿ, ಕೆಲಸ ಮುಗಿದ ಮೇಲೆ ಅಳಿಸಿಬಿಡಿ. ಎಲ್ಲಕ್ಕಿಂತ ಉತ್ತಮವೆಂದರೆ ಎದುರಿಗೆ ಕುಳಿತು ಮಾಡಿಸುವುದು. ವೈಫೈ ತಂತಿ ಬಿಗಿ ಮಾಡಲು ಅಥವಾ ಚಿಪ್ಪು ಬದಲಿಸಲು ಸಾಮಾನ್ಯವಾಗಿ ದಿನಗಟ್ಟಲೆ ಬೇಕಾಗುವುದಿಲ್ಲ. ಮೇಲಿನ ಪರೀಕ್ಷೆಗಳನ್ನು ನೀವೇ ಮಾಡಿ ಹೋಗಿದ್ದರೆ ‘ಮೊಬೈಲ್ ಹಾಟ್‌ಸ್ಪಾಟಿನಲ್ಲೂ ಕಡಿಯುತ್ತದೆ, ಡ್ರೈವರ್ ಬದಲಿಸಿ ನೋಡಿಯಾಗಿದೆ’ ಎಂದು ಹೇಳಬಹುದು. ಅಷ್ಟು ಹೇಳುವ ಗಿರಾಕಿಗೆ ‘ಮದರ್‌ಬೋರ್ಡೇ ಹೋಗಿದೆ’ ಎನ್ನಲು ಯಾರೂ ಸ್ವಲ್ಪ ಯೋಚಿಸುತ್ತಾರೆ.

ಫೋನ್ ಮಾಡಿ ‘ನಿಮ್ಮ ಇಂಟರ್‌ನೆಟ್ ಕಂಪೆನಿಯಿಂದ ಮಾತಾಡುತ್ತಿದ್ದೇವೆ, ಈ ಆ್ಯಪ್ ಹಾಕಿಕೊಳ್ಳಿ, ಇಲ್ಲಿಂದಲೇ ಸರಿಮಾಡುತ್ತೇವೆ’ ಎನ್ನುವವರ ಬಗ್ಗೆಯೂ ಎಚ್ಚರ. ನಿಮ್ಮ ಪರದೆಯನ್ನು ದೂರದಿಂದ ನೋಡುವ ಆ್ಯಪ್‌ಗಳು ಅವು. ನೀವು ದೂರು ಕೊಡದೆ ತಾನಾಗಿ ಬಂದ ಕರೆಯನ್ನು ನಂಬಬೇಡಿ, ಒಟಿಪಿ ಹೇಳಬೇಡಿ. ಹಣ ಹೋಯಿತೆಂದು ಗೊತ್ತಾದರೆ ನಾಚಿಕೆಪಟ್ಟು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ತಪ್ಪು ಕಂಪೆನಿಯದ್ದಾದರೆ

ಮೊಬೈಲ್, ಲ್ಯಾಪ್‌ಟಾಪ್ ಎರಡರಲ್ಲೂ ಒಟ್ಟಿಗೆ ಕಡಿಯುತ್ತಿದ್ದರೆ ರೂಟರಿನ ದೀಪಗಳನ್ನು ನೋಡಿ. ಎಲ್ಲ ದೀಪಗಳೂ ಒಮ್ಮೆಲೇ ಆರಿ ಮತ್ತೆ ಹತ್ತುತ್ತಿದ್ದರೆ ಅದರ ಅಡಾಪ್ಟರ್ ಸಾಯುತ್ತಿದೆ. ಹೊಸದು ತರುವಾಗ ಹಳೆಯದರ ಮೇಲೆ ಬರೆದಿರುವಷ್ಟೇ ವೋಲ್ಟ್ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು. ಫೈಬರ್ ಸಂಪರ್ಕವಿದ್ದವರಿಗೆ ‘ಲಾಸ್’ ಎಂಬ ಕೆಂಪು ದೀಪ ಹತ್ತಿದರೆ ಬೆಳಕು ಮನೆಗೆ ಬರುತ್ತಿಲ್ಲ ಎಂದು ಅರ್ಥ. ಫೈಬರ್ ಒಳಗೆ ಇರುವುದು ಕೂದಲೆಳೆಯಂತಹ ಗಾಜು. ಬಾಗಿಲಿನ ಸಂದಿಗೆ ಸಿಕ್ಕಿದರೆ, ಮಡಚಿ ಮೊಳೆಗೆ ಸಿಕ್ಕಿಸಿದರೆ ಬೆಳಕು ಸೋರುತ್ತದೆ. ಇಲಿ ಕಚ್ಚಿದರಂತೂ ಮುಗಿಯಿತು. ಮಡಿಕೆ ಬಿಡಿಸಿ ಸಡಿಲವಾಗಿ ಸುತ್ತಿಡಿ. ತುದಿಯನ್ನು ಕಿತ್ತು ಕಣ್ಣಿನ ನೇರಕ್ಕೆ ಹಿಡಿದು ನೋಡಬಾರದು, ಮಕ್ಕಳಿಗೂ ಬಿಡಬಾರದು. ಮಳೆಗಾಲದ ಸಿಡಿಲಿಗೆ ರೂಟರಿನ ಪ್ಲಗ್ಗನ್ನು ಕಿತ್ತಿಡುವುದು ಒಳ್ಳೆಯದು, ಬರೀ ಸ್ವಿಚ್ಚು ಆರಿಸಿದರೆ ಸಾಲದು.

ಆಮೇಲೆ ಕಂಪೆನಿಗೆ ದೂರು ಕೊಡಿ. ‘ನೆಟ್ ಸರಿಯಿಲ್ಲ’ ಎಂದಷ್ಟೇ ಹೇಳಿದರೆ ‘ರೂಟರ್ ಆರಿಸಿ ಹಾಕಿ’ ಎಂಬ ಉತ್ತರವೇ ಸಿಗುತ್ತದೆ. ಕ್ಯಾಲೆಂಡರಿನಲ್ಲಿ ಗುರುತಿಟ್ಟ ದಿನ, ಹೊತ್ತು, ಕೆಂಪು ದೀಪದ ಫೋಟೋ ಇವುಗಳನ್ನು ಮುಂದಿಡಿ. ಸ್ಥಳೀಯ ಲೈನ್‌ಮ್ಯಾನ್‌ಗೆ ಫೋನ್ ಮಾಡಿ ಸುಮ್ಮನಾಗದೆ ಕಂಪೆನಿಯ ಗ್ರಾಹಕ ಕೇಂದ್ರಕ್ಕೇ ಕರೆ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಟ್ರಾಯ್‌ನ 2012ರ ನಿಯಮಗಳ ಪ್ರಕಾರ ಆ ಸಂಖ್ಯೆಯನ್ನು ಕೊಡಲೇಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಅಧಿಕಾರಿಗೆ ಬರೆಯುವ ಹಕ್ಕು ನಿಮಗಿದೆ. ಸಂಪರ್ಕ ಪತಿಯ ಅಥವಾ ಮಾವನ ಹೆಸರಿನಲ್ಲಿದ್ದರೆ ನೋಂದಾಯಿಸಿದ ಮೊಬೈಲ್ ಸಂಖ್ಯೆ ಊರಲ್ಲಿರುವ ಒಬ್ಬರದ್ದಾಗಿರುವಂತೆ ಈಗಲೇ ಬದಲಿಸಿಕೊಳ್ಳಿ. ದೂರಿನ ಒಟಿಪಿ ದುಬೈಗೆ ಹೋಗಿ, ಅವರು ಡ್ಯೂಟಿ ಮುಗಿಸಿ ನೋಡುವವರೆಗೆ ಕಾಯುವ ಪಾಡು ತಪ್ಪುತ್ತದೆ.